ಫ್ರಿಜ್ಜಿನೊಳಗಿನ ತೋಪು

ಹೊಸೂರು ಬಸ್ ನಿಲ್ದಾಣದ ಆಸುಪಾಸಿನ ಯಾವ ಬೇಕರಿಯ ಮುಂದೆ ನಿಂತರೂ ಗಾಜಿನ ಬಾಗಿಲಿನ ಫ್ರಿಜ್ಜೊಂದು ಗುಂಯ್‌ಗುಡುತ್ತಿರುತ್ತದೆ. ಅದರೊಳಗೆ ಇಣುಕುವುದು ನನಗೊಂದು ಚಟ. 1886ರಲ್ಲಿ ಅಟ್ಲಾಂಟಾದ ಔಷಧಿ ಅಂಗಡಿಯಲ್ಲಿ ಲೋಟದ ಲೆಕ್ಕದಲ್ಲಿ ಮಾರಾಟಕ್ಕಿಳಿದ ಕೋಕಾ-ಕೋಲಾ ಅಲ್ಲಿದೆ. ಅದು 1977ರಲ್ಲಿ ಮುನಿಸಿಕೊಂಡು ದೇಶ ಬಿಟ್ಟಾಗ ಮೆರೆದ ಥಮ್ಸ್ ಅಪ್ ಪಕ್ಕದಲ್ಲೇ ಇದೆ. 1993ರಿಂದ ಇಬ್ಬರದೂ ಒಂದೇ ಮನೆ. ತಮಿಳುನಾಡಿನ ಬೊವೊಂಟೊ, ನಮ್ಮ ಪುತ್ತೂರಿನ ಬಿಂದು ಜೀರಾ, ಥಾಯ್ಲೆಂಡಿನ ಪೇಯವೊಂದನ್ನು ತಿದ್ದಿ 1987ರಲ್ಲಿ ಆಸ್ಟ್ರಿಯಾದಲ್ಲಿ ಮಾರತೊಡಗಿದ ರೆಡ್ ಬುಲ್, ಎಲ್ಲ ಒತ್ತಿಕೊಂಡು ನಿಂತಿರುತ್ತವೆ.

ಜಲ್ಲಿಕಟ್ಟು ಚಳವಳಿಯ ಬಿಸಿ ಆರುವ ಮುಂಚೆ, 2017ರ ಮಾರ್ಚ್ 1ರಿಂದ, ತಮಿಳುನಾಡಿನ ವರ್ತಕರ ಸಂಘಗಳು ಕೋಕ್, ಪೆಪ್ಸಿ ಮಾರುವುದಿಲ್ಲ ಎಂದು ಪಟ್ಟು ಹಿಡಿದವು. ಬೊವೊಂಟೊಗೆ ಶುಕ್ರದೆಸೆ. ಆದರೆ ಹೊಸೂರಿಗೆ ಕರ್ನಾಟಕದ ಅತ್ತಿಬೆಲೆ ಎಷ್ಟು ದೂರ? ಹತ್ತು ಕಿಲೋಮೀಟರ್ ಕೂಡ ಇಲ್ಲ. ಗಡಿಯೂರಿನಲ್ಲಿ ಬಹಿಷ್ಕಾರಕ್ಕೂ ಬಸ್ಸಿನ ವ್ಯವಸ್ಥೆ ಇರುತ್ತದೆ.

ಇಷ್ಟೆಲ್ಲ ಬಾಟಲಿಗಳ ನಡುವೆ ಈ ಸೀಮೆಯ ಮಣ್ಣಿನ ಹಂಗಿರುವುದು ಮಾವಿನ ಪಾನೀಯಗಳಿಗೆ ಮಾತ್ರ. ಮಾಝಾ, ಸ್ಲೈಸ್, 1985ರಲ್ಲಿ ಪೊಟ್ಟಣದಲ್ಲಿ ಬಂದ ಫ್ರೂಟಿ: ಇಂಥವುಗಳ ಹೊಟ್ಟೆಯಲ್ಲಿರುವುದು ಬಹುಪಾಲು ತೋತಾಪುರಿಯ ತಿರುಳು. ಅದು ಬೆಳೆಯುವುದು ಕೃಷ್ಣಗಿರಿ, ಚಿತ್ತೂರು, ನಮ್ಮ ಶ್ರೀನಿವಾಸಪುರದ ಕಡೆ. ಜಾಹೀರಾತಿನಲ್ಲಿ ಚಿನ್ನದ ಬಣ್ಣದ ರಸ ಸುರಿಯುತ್ತದೆ ನಿಜ. ಆದರೆ ತೋತಾಪುರಿ ಆ ಪಾತ್ರಕ್ಕೆ ಹೊಂದುವ ಹಣ್ಣೇ ಅಲ್ಲ. ಗಿಣಿಮೂತಿ, ದಪ್ಪ ಸಿಪ್ಪೆ, ಬಾದಾಮಿಯ ಮುಂದೆ ಸಪ್ಪೆ. ಬೀಗರ ಮನೆಗೆ ಯಾರೂ ಒಯ್ಯುವುದಿಲ್ಲ. ಕಾಯಲ್ಲೇ ಹೋಳು ಮಾಡಿ ಉಪ್ಪು ಖಾರ ಸವರಿ ತಿಂದು ಮುಗಿಸುತ್ತೇವೆ. ನಾರು ಕಡಿಮೆ, ತಿರುಳು ಜಾಸ್ತಿ, ಮರ ಧಾರಾಳವಾಗಿ ಫಲ ಬಿಡುತ್ತದೆ. ಪಲ್ಪ್ ಫ್ಯಾಕ್ಟರಿಗಳಿಗೆ ಇಷ್ಟು ಸಾಕು. ಹಣ್ಣು ಮಾಗಿಸಿ, ತೊಳೆದು, ಓಟೆ ಬೇರ್ಪಡಿಸಿ, ತಿರುಳು ಸೋಸಿ, ಕಾಯಿಸಿ, ಗಾಳಿಯಾಡದ ಚೀಲಕ್ಕೆ ತುಂಬಿ ಡ್ರಮ್ಮಿನಲ್ಲಿಟ್ಟರೆ ಅದು ಮುಂದಿನ ಬೇಸಿಗೆಯವರೆಗೂ ಕಾಯುತ್ತದೆ, ಅರಬ್ ದೇಶಗಳಿಗೂ ಹೋಗುತ್ತದೆ. ಬಾಟಲಿಯಲ್ಲಿ ಹಣ್ಣಿನ ಪಾಲು ನೂರಕ್ಕೆ ಹತ್ತಿದ್ದರೂ ಕಾನೂನಿನ ಕಣ್ಣಿಗೆ ಅದು ಹಣ್ಣಿನ ಪಾನೀಯವೇ. ಉಳಿದದ್ದು ನೀರು, ಸಕ್ಕರೆ, ಹುಳಿ, ಪರಿಮಳ. ಹತ್ತು ಕಡಿಮೆಯಾಯಿತೆಂದು ನಾನು ಗೊಣಗುವುದಿಲ್ಲ. ಪಕ್ಕದ ಬಾಟಲಿಗಳಲ್ಲಿ ಅಷ್ಟೂ ಇಲ್ಲ.

ಈಚೆಗೆ ಕಣ್ಣೆತ್ತರದ ಸಾಲನ್ನು ಕೆಂಪು ಬಾಟಲಿ ಹಿಡಿದುಕೊಂಡಿದೆ. ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ರೆಡ್ ಬುಲ್‌ನ ಡಬ್ಬಿ ದುಬಾರಿಯಾಯಿತೆಂದು ಹಿಂದೆ ಸರಿಯುತ್ತಿದ್ದ ಹುಡುಗರು ಇದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಇಂಥ ಪೇಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ತಕ್ಕದ್ದಲ್ಲ ಎಂದು ಬಾಟಲಿಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ. ಸಿಪ್ಕಾಟ್ ಕೈಗಾರಿಕಾ ವಸಾಹತಿನ ನೈಟ್ ಶಿಫ್ಟಿಗೆ ಹೋಗುವ ಹುಡುಗರು ಅದನ್ನು ಓದುತ್ತ ನಿಲ್ಲುವುದಿಲ್ಲ. ಎಪ್ಪತ್ತರ ದಶಕದಲ್ಲಿ ಆ ವಸಾಹತು ಶುರುವಾದಾಗ ರಾತ್ರಿಪಾಳಿಗೆ ಆಧಾರವಾಗಿದ್ದದ್ದು ಟೀ. ಟೀಗೂ ನಿದ್ದೆ ಓಡುತ್ತಿತ್ತು, ಜೊತೆಗೆ ನಾಲ್ಕು ಮಾತೂ ಆಗುತ್ತಿತ್ತು. ಈ ಕೆಂಪು ಬಾಟಲಿಯನ್ನು ಬೈಕಿನ ಮೇಲೆ ಕೂತೇ ಗಟಗಟನೆ ಮುಗಿಸುತ್ತಾರೆ.

ವೇಪನಪಲ್ಲಿ ಕಡೆ ನಮ್ಮ ಮಾವನಿಗೆ ತೋತಾಪುರಿ ತೋಪಿದೆ. ಮಗ ಹೊಸೂರಿನಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. 2025ರ ಸುಗ್ಗಿಯಲ್ಲಿ ಫಸಲು ಮೈತುಂಬ ಬಂದು ದರ ನೆಲಕಚ್ಚಿತು. ಹೊರರಾಜ್ಯದ ತೋತಾಪುರಿ ಬರಕೂಡದೆಂದು ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಬಾಗಿಲು ಹಾಕಿತು. ಕರ್ನಾಟಕದ ಮುಖ್ಯಮಂತ್ರಿ ಆಂಧ್ರದವರಿಗೆ ಕಾಗದ ಬರೆದರು. ಮಾವ ಕೆಜಿಗೆ ಐದು ರೂಪಾಯಿಯಂತೆ ಕೊಟ್ಟು ಬಂದಿದ್ದರು. ಅಂದು ಸಂಜೆ ಬೇಕರಿಯಲ್ಲಿ ಮಗನ ಕೈಯಲ್ಲಿದ್ದ ಕೆಂಪು ಬಾಟಲಿ ನೋಡಿ, "ಎಷ್ಟಪ್ಪ ಅದಕ್ಕೆ?" ಎಂದರು.

"ಇಪ್ಪತ್ತು, ಅಪ್ಪಾ."

"ನಾಲ್ಕು ಕೆಜಿ ಕಾಯಿ."

"ಕಾಯಿ ತಿಂದ್ರೆ ನಿದ್ದೆ ಹೋಗುತ್ತಾ?" ಎಂದು ಅವನು ನಕ್ಕ.

"ನನಗೆ ಹೋಯ್ತಲ್ಲೋ, ಒಂದು ತಿಂಗಳಿಂದ," ಎಂದರು ಮಾವ. ಆಮೇಲೆ ತಮಗೊಂದು ಟೀ ಹೇಳಿದರು, ಸಕ್ಕರೆ ಕಡಿಮೆ.