ಬಿಸಿಲಿಲ್ಲದ ಊರಲ್ಲಿ ಸೋಲಾರ್ ಫ್ಯಾನು

ಸಿಯಾಟಲ್‌ನಲ್ಲಿದ್ದೀನಿ ಅಂದ ಕೂಡಲೇ ಊರಿನವರು ಕೇಳೋ ಮೊದಲ ಪ್ರಶ್ನೆ, "ಅಲ್ಲಿ ಯಾವಾಗಲೂ ಮಳೆಯಂತೆ, ಹೌದಾ?" ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಸಿಯಾಟಲ್‌ನಲ್ಲಿ ಬೀಳೋದು ಸುಮಾರು 1000. ಅಂದರೆ ಇವರ ಇಡೀ ವರ್ಷದ ಮಳೆಯನ್ನು ಆಗುಂಬೆಯ ಒಂದು ಜುಲೈ ತಿಂಗಳು ಸಲೀಸಾಗಿ ಸುರಿದು ಮುಗಿಸತ್ತೆ.

ಆದರೆ ಇಲ್ಲಿಯ ಕಥೆ ಮಳೆಯದ್ದಲ್ಲ, ತೇವದ್ದು. ಅಕ್ಟೋಬರ್ ಬಂತೆಂದರೆ ಆಕಾಶ ಬೂದಿ ಬಳಿದುಕೊಂಡು ಕೂರತ್ತೆ. ಧೋ ಅಂತ ಸುರಿಯಲ್ಲ, ಪೂರ್ತಿ ನಿಲ್ಲೋದೂ ಇಲ್ಲ. ಜಿಟಿಜಿಟಿ ಹನಿ, ತಣ್ಣನೆ ಗಾಳಿ, ಸಂಜೆ ನಾಲ್ಕೂವರೆಗೇ ಕತ್ತಲು. ಮನೆಯಲ್ಲಿ ಹೀಟರ್ ಹಾಕಿಕೊಂಡು ಇದ್ದುಬಿಡಬಹುದು. ನೀರಿನ ಮೇಲಿರೋ ದೋಣಿ ಏನು ಮಾಡಬೇಕು?

ನಮ್ಮದೊಂದು ಹಳೇ ಹಾಯಿದೋಣಿ ಇದೆ. ಹಾಯಿದೋಣಿ ಅಂದ ತಕ್ಷಣ ಶ್ರೀಮಂತರ ಶೋಕಿ ಅಂದ್ಕೋಬೇಡಿ. 28 ಅಡಿ ಉದ್ದದ, ನನಗಿಂತ ವಯಸ್ಸಾದ ಫೈಬರ್‌ಗ್ಲಾಸ್ ದೋಣಿ. ಒಂದು ಒಳ್ಳೆ ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆಗಿಂತ ಕಡಿಮೆಗೆ ಸಿಕ್ಕಿತ್ತು. ಒಳಗೆ ಬಗ್ಗಿ ನಡೆಯೋ ಒಂದು ಕ್ಯಾಬಿನ್, ಎರಡು ಬರ್ನರ್ ಒಲೆ, ಮುಂದಿನ ಮೂತಿಯಲ್ಲಿ ಇಬ್ಬರು ಮಲಗೋ ಹಾಸಿಗೆ. ವಾರವಿಡೀ ಸ್ಕ್ರೀನ್ ನೋಡೋ ನನಗೂ ನನ್ನ ಗಂಡನಿಗೂ ಶನಿವಾರ ಅನ್ನೋದು ಈ ದೋಣಿ.

ಅದು ನಿಲ್ಲೋದು ಬಲ್ಲಾರ್ಡ್ ಬಡಾವಣೆಯ ಅಂಚಿನ ಶಿಲ್‌ಶೋಲ್ ಬೇ ಮರೀನಾದಲ್ಲಿ. ಒಂದು ಪಕ್ಕಕ್ಕೆ ಗೋಲ್ಡನ್ ಗಾರ್ಡನ್ಸ್ ಬೀಚು. ಎದುರಿಗೆ ಪ್ಯೂಜೆಟ್ ಸೌಂಡ್ ಅನ್ನೋ ಸಮುದ್ರದ ತೋಳು. ಮೋಡ ಸರಿದ ದಿನ ಅದರಾಚೆ ಒಲಿಂಪಿಕ್ ಬೆಟ್ಟಗಳ ಹಿಮ. ಸ್ವಲ್ಪ ಒಳಗೆ ಹೋದರೆ 1917ರಲ್ಲಿ ಉದ್ಘಾಟನೆಯಾದ ಬಲ್ಲಾರ್ಡ್ ಲಾಕ್ಸ್. ಲೇಕ್ ಯೂನಿಯನ್ ಕಡೆಯ ಸಿಹಿನೀರಿಗೂ ಸಮುದ್ರಕ್ಕೂ ಮಧ್ಯೆ ದೋಣಿಗಳನ್ನು ಹತ್ತಿಸಿ ಇಳಿಸೋ ನೀರಿನ ಲಿಫ್ಟು ಅದು. ಪಕ್ಕದಲ್ಲೇ ಸಾಲ್ಮನ್ ಮೀನುಗಳು ಹತ್ತಿ ಹೋಗೋಕೆ ಮೆಟ್ಟಿಲು ಕಟ್ಟಿದ್ದಾರೆ. ಊರಿಂದ ಯಾರು ಬಂದರೂ ನಾವು ಮೊದಲು ತೋರಿಸೋದು ಅದನ್ನೇ.

ಈ ಮರೀನಾದಲ್ಲಿ ವರ್ಷವಿಡೀ ದೋಣಿಯಲ್ಲೇ ವಾಸ ಮಾಡೋರೂ ಬಹಳ ಮಂದಿ ಇದ್ದಾರೆ. ನವೆಂಬರ್‌ನಲ್ಲಿ ಅವರ ಹತ್ತಿರ ಮಾತಾಡಿದರೆ ಅಲೆ, ಬಿರುಗಾಳಿಗಿಂತ ಜಾಸ್ತಿ ಕೇಳಿಸೋದು ಒಂದೇ ವಿಷಯ: ಬೂಷ್ಟು.

ಅಪ್ಪ ಬರ್ತಾರೆ

ಮೊದಲ ಚಳಿಗಾಲ ಕಳೆದು ಮಾರ್ಚ್‌ನಲ್ಲಿ ಹಾಸಿಗೆ ಎತ್ತಿದರೆ ಕೆಳಗೆಲ್ಲ ಕಪ್ಪು ಚುಕ್ಕೆ. ಬೀರುವಿನಲ್ಲಿಟ್ಟ ಸ್ವೆಟರ್‌ಗೆ ಮಳೆಗಾಲದ ನಮ್ಮ ಅಟ್ಟದ ಅದೇ ಮುಗ್ಗಲು ವಾಸನೆ. ಕಣ್ಣು ಮುಚ್ಚಿಕೊಂಡರೆ ತೀರ್ಥಹಳ್ಳಿ. ಒಂದು ಕ್ಷಣ ಖುಷಿಯಾಯ್ತು ಕೂಡ.

ಆ ಖುಷಿ ಹೆಚ್ಚು ಹೊತ್ತು ಇರಲಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರೋದಿತ್ತು. ಫೋನ್‌ನಲ್ಲಿ ಅಪ್ಪನದ್ದು ಒಂದೇ ಆಸೆ: "ಒಂದು ರಾತ್ರಿ ಆ ದೋಣಿಯಲ್ಲೇ ಮಲಗಬೇಕು ಮಾರಾಯ್ತಿ." ಅಪ್ಪನಿಗೆ ಉಬ್ಬಸ ಇದೆ. ಬೂಷ್ಟು ಹಿಡಿದ ಒಂದು ಕಂಬಳಿ ಕೊಡವಿದರೂ ಸಾಕು, ರಾತ್ರಿಯಿಡೀ ಕೂತೇ ಕಳೀಬೇಕು. ಮನೆಯಲ್ಲಾದರೆ ಆಸ್ಪತ್ರೆ ಹತ್ತು ನಿಮಿಷ. ಲಂಗರು ಹಾಕಿದ ದೋಣಿಯಲ್ಲಿ ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ? ಬ್ಲೀಚಿಂಗ್ ಹಾಕಿ ಉಜ್ಜೋದು ಒಂದು ದಿನದ ಕೆಲಸ. ಇನ್ನೊಂದು ಇಡೀ ಚಳಿಗಾಲ ದಾಟಿದ ಮೇಲೂ ಬೂಷ್ಟು ಬಾರದ ಹಾಗೆ ನೋಡಿಕೊಳ್ಳೋದು ಬೇರೆಯೇ ಕೆಲಸ.

ನೀರು ಬರೋದು ಎಲ್ಲಿಂದ?

ಸೋರಿಕೆ ಇರಲಿಲ್ಲ. ನೀರು ಬರ್ತಿದ್ದದ್ದು ನಮ್ಮಿಂದಲೇ. ಮಲಗಿದ ಒಬ್ಬ ಮನುಷ್ಯ ಉಸಿರು, ಬೆವರಿನಲ್ಲಿ ರಾತ್ರಿಗೆ ಕಾಲು ಲೀಟರಿಗೂ ಹೆಚ್ಚು ನೀರನ್ನು ಗಾಳಿಗೆ ಬಿಡ್ತಾನೆ. ಒಲೆಯದ್ದು ಇನ್ನೂ ಜೋರು. ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟತ್ತೆ. ಅನ್ನ ಬೇಯೋ ಪಾತ್ರೆಯಿಂದ ಬರೋ ಆವಿ ಬೇರೆ.

ಇದೆಲ್ಲ ಹೋಗಿ ಕೂರೋದು ದೋಣಿಯ ತಣ್ಣನೆ ಮೈಗೆ. ಚಳಿಗಾಲದಲ್ಲಿ ಇಲ್ಲಿಯ ಸಮುದ್ರದ ನೀರು 10 ಡಿಗ್ರಿಗಿಂತ ತಣ್ಣಗಿರತ್ತೆ. ಕ್ಯಾಬಿನ್ ಒಳಗೆ 20 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 60 ಅಂತಿಟ್ಟುಕೊಳ್ಳಿ. ನಮಗೆ ಹಿತವಾಗಿಯೇ ಇರತ್ತೆ. ಆದರೆ ಆ ಗಾಳಿ 12 ಡಿಗ್ರಿಯ ವಸ್ತು ಮುಟ್ಟಿದರೆ ಸಾಕು, ನೀರಾಗಿ ಇಳಿಯತ್ತೆ. ಹಾಸಿಗೆಯ ಕೆಳಗಿನ ಗೋಡೆ ಅದಕ್ಕಿಂತ ತಣ್ಣಗಿದೆ. ಐಸ್ ಹಾಕಿದ ಲೋಟದ ಹೊರಮೈ ಬೆವರೋ ಹಾಗೆ ದೋಣಿ ಒಳಮೈಯಲ್ಲಿ ಬೆವರತ್ತೆ.

"ಹೊರಗೂ ತೇವಾನೇ ಇದೆಯಲ್ಲ, ಆ ಗಾಳೀನ ಒಳಗೆ ಬಿಟ್ಟು ಏನು ಪ್ರಯೋಜನ?" ಅಂತ ನೀವು ಕೇಳಬಹುದು. ನನಗೆ ಇಡೀ ವಿಷಯದಲ್ಲಿ ಮಜಾ ಅನ್ನಿಸಿದ್ದು ಇದೇ. 5 ಡಿಗ್ರಿಯ ಗಾಳಿ ಎಷ್ಟೇ ಒದ್ದೆಯಾಗಿದ್ದರೂ ಅದು ಹೊರೋ ನೀರು ಒಂದು ಘನಮೀಟರಿಗೆ ಸುಮಾರು 7 ಗ್ರಾಂ ಅಷ್ಟೆ. ಅದೇ ಗಾಳಿ ಒಳಗೆ ಬಂದು 18 ಡಿಗ್ರಿಗೆ ಬಿಸಿಯಾದರೆ 15 ಗ್ರಾಂ ಹೊರೋ ಶಕ್ತಿ ಬರತ್ತೆ. ಅಂದರೆ ಮಳೆಯಲ್ಲಿ ನೆನೆದ ಗಾಳಿ ಒಳಗೆ ಬಂದ ಮೇಲೆ ಅರ್ಧಕ್ಕಿಂತ ಜಾಸ್ತಿ ಖಾಲಿ ಇರೋ ಸ್ಪಂಜು. ಅದು ತುಂಬಿದ ಮೇಲೆ ಹೊರಗೆ ಕಳಿಸಿದರಾಯ್ತು.

ನಮ್ಮೂರಿನ ಜುಲೈನಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಶಾಖ, ಒಂದೇ ತೇವ. ಕಿಟಕಿ ತೆರೆದರೆ ಗಾಳಿ ಬದಲಾಗತ್ತೆ, ಬಟ್ಟೆ ಒಣಗಲ್ಲ. ಅದಕ್ಕೇ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟೋದು. ಬಿಸಿ ಬೇಕು, ಬಿಸಿಯಾದ ಗಾಳಿ ಹೊರಗೆ ಹೋಗೋಕೆ ಹೆಂಚಿನ ಸಂದೂ ಬೇಕು.

ತಲೆ ಮೇಲೊಂದು ಫ್ಯಾನು

ನಾವು ತಂದದ್ದು ಸೋಲಾರ್ ವೆಂಟ್. ಊಟದ ತಟ್ಟೆಯಷ್ಟು ಅಗಲದ ದುಂಡನೆ ಡಬ್ಬಿ. ಮೇಲೊಂದು ಪುಟ್ಟ ಸೌರಫಲಕ, ಒಳಗೆ ರೀಚಾರ್ಜ್ ಆಗೋ ಬ್ಯಾಟರಿ, ಕೆಳಗೆ ಫ್ಯಾನು, ಸೊಳ್ಳೆ ಬಾರದಂತೆ ಜಾಲರಿ. ಹಗಲು ಬಿಸಿಲಿನಿಂದ ತಿರುಗತ್ತೆ, ಮಿಕ್ಕಿದ್ದು ಬ್ಯಾಟರಿಗೆ, ರಾತ್ರಿ ಬ್ಯಾಟರಿಯಿಂದ ತಿರುಗತ್ತೆ. ದೋಣಿಗೆ ವೈರ್ ಎಳೆಯೋ ತಾಪತ್ರಯವೇ ಇಲ್ಲ. ಜೊತೆಗೆ ಎರಡು ಥರದ ರೆಕ್ಕೆ ಕೊಟ್ಟಿರ್ತಾರೆ: ಒಂದು ಗಾಳಿ ಒಳಗೆಳೆಯೋಕೆ, ಇನ್ನೊಂದು ಹೊರಗೆ ತಳ್ಳೋಕೆ. ಈ ಥರದ ವೆಂಟ್‌ಗಳು ಗಂಟೆಗೆ 700ರಿಂದ 1000 ಘನ ಅಡಿ ಗಾಳಿ ಸಾಗಿಸ್ತವೆ ಅಂತ ಪೆಟ್ಟಿಗೆ ಮೇಲೆ ಬರೆದಿರತ್ತೆ. ಟೇಪು ಹಿಡಿದು ಅಳೆದರೆ ನಮ್ಮ ಕ್ಯಾಬಿನ್ ಸುಮಾರು 500 ಘನ ಅಡಿ. ಪೆಟ್ಟಿಗೆ ಮೇಲಿನ ಲೆಕ್ಕದ ಅರ್ಧ ಮಾಡಿದರೂ ಗಂಟೆ ಒಂದೂವರೆಗೆ ಒಳಗಿನ ಗಾಳಿಯೆಲ್ಲ ಹೊಸದು.

ಕೂರಿಸೋದಕ್ಕೆ ಡೆಕ್‌ನಲ್ಲಿ ನಾಲ್ಕೂಮುಕ್ಕಾಲು ಇಂಚಿನ ತೂತು ಕೊರೀಬೇಕು. ತೇಲೋ ವಸ್ತುವಿಗೆ ನಾವೇ ತೂತು ಮಾಡೋದು! ನನ್ನ ಗಂಡ ಧಾರವಾಡದವನು. ಡ್ರಿಲ್ ಕೈಯಲ್ಲಿ ಹಿಡ್ಕೊಂಡು ಐದು ನಿಮಿಷ ಸುಮ್ಮನೆ ನಿಂತ. "ನೋಡು, ಒಂದ್ಸಲ ಕೊರದ್ರ ಮತ್ತ ಅಂಡೂ ಬಟನ್ ಇಲ್ಲ" ಅಂದ.

ಆ ಕಾಲದ ಬಹಳಷ್ಟು ದೋಣಿಗಳ ಡೆಕ್ ಸ್ಯಾಂಡ್‌ವಿಚ್ ಇದ್ದ ಹಾಗೆ. ಮೇಲೆ ಕೆಳಗೆ ಫೈಬರ್‌ಗ್ಲಾಸ್, ನಡುವೆ ಹಗುರವಾದ ಬಾಲ್ಸಾ ಮರ. ಕೊರೆದ ಅಂಚಿನಿಂದ ನೀರು ಒಳಗಿಳಿದರೆ ಆ ಮರ ಕೊಳೆಯತ್ತೆ. ಆದ್ದರಿಂದ ಅಂಚಿನ ಮರವನ್ನು ಸ್ವಲ್ಪ ಕೆರೆದು ತೆಗೆದು, ಆ ಜಾಗಕ್ಕೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಡಬ್ಬಿ ಕೂರಿಸಿದ್ವಿ. ಅರ್ಧ ದಿನದ ಕೆಲಸ ಎರಡು ವಾರಾಂತ್ಯ ಹಿಡೀತು.

ವೆಂಟ್ ಕೂತದ್ದು ಮುಂದಿನ ಹಾಸಿಗೆಯ ಮೇಲೆ, ಹೊರಗೆ ತಳ್ಳೋ ರೆಕ್ಕೆಯ ಜೊತೆ. ಆಮೇಲೆ ಪರೀಕ್ಷೆ. ದೇವರ ಗೂಡಿನಿಂದ ತಂದ ಊದುಬತ್ತಿ ಹಚ್ಚಿದೆ. ಬಾಗಿಲು ಮುಚ್ಚಿದಾಗ ಫ್ಯಾನ್ ಗುಂಯ್ ಅಂತ ತಿರುಗ್ತಿದ್ದರೂ ಹೊಗೆ ನೆಟ್ಟಗೆ ಮೇಲೆದ್ದು ಅಲ್ಲೇ ಸುಳಿದಾಡ್ತಿತ್ತು. ಹಿಂಬಾಗಿಲ ಹಲಗೆಗೆ ಪಟ್ಟಿಪಟ್ಟಿ ಕಿಂಡಿಯ ಜಾಲಿ ಕೂರಿಸಿದ್ವಿ. ಅದನ್ನು ತೆರೆದ ಕೂಡಲೇ ಹೊಗೆ ಮುಂದಕ್ಕೆ ಬಾಗಿ, ದಾರ ಎಳೆದ ಹಾಗೆ ಹಾಸಿಗೆಗಳ ಮೇಲೆ ಹಾದು ಫ್ಯಾನಿನೊಳಗೆ ಹೋಯ್ತು. ಬರೋ ದಾರಿ ಇಲ್ಲದೆ ಹೋಗೋ ದಾರಿಗೆ ಅರ್ಥ ಇಲ್ಲ. ಹಾಸಿಗೆಗಳ ಕೆಳಗೂ ಮರದ ಪಟ್ಟಿಗಳನ್ನು ಹಾಸಿ ಒಂದಿಂಚು ಸಂದು ಬಿಟ್ವಿ.

ಇನ್ನೊಂದು ಮುಖ್ಯ ಮಾತು. ಚಳಿ ಅಂತ ಕಿಂಡಿಗಳನ್ನೆಲ್ಲ ಮುಚ್ಚಿ ಒಳಗೆ ಗ್ಯಾಸ್ ಒಲೆ ಉರಿಸಿಕೊಂಡು ಮಲಗೋದು ಪ್ರಾಣಕ್ಕೇ ಕುತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸೋಲಾರ್ ಫ್ಯಾನ್ ಇದೆ ಅಂತ ಧೈರ್ಯ ತಗೊಳ್ಳೋ ಹಾಗೂ ಇಲ್ಲ. ಪಕ್ಕದ ದೋಣಿಯ ಎಂಜಿನ್ ಹೊಗೆ ಅದೇ ಜಾಲಿಯಿಂದ ಒಳಗೆ ಬರಬಹುದು. ತಲೆ ಇಡೋ ಜಾಗದ ಹತ್ತಿರ ಅಲಾರಂ ಇರಲೇಬೇಕು, ನಮ್ಮಲ್ಲಿ ಎರಡಿವೆ.

ಡಿಸೆಂಬರ್‌ನ ಗುಟ್ಟು

"ಬೆಳಕss ಇಲ್ಲಂದ್ರ ಇದು ತಿರುಗೂದು ಹೆಂಗ?" ಗಂಡನ ಈ ಪ್ರಶ್ನೆಗೆ ಉತ್ತರ ಡಿಸೆಂಬರ್‌ನಲ್ಲಿ ಸಿಕ್ಕಿತು. ಜೂನ್‌ನಲ್ಲಿ ಇಲ್ಲಿ ಹಗಲು 16 ಗಂಟೆ. ಡಿಸೆಂಬರ್ ಕೊನೆಗೆ ಎಂಟೂವರೆ ಗಂಟೆಯೂ ಇಲ್ಲ, ಅದರಲ್ಲೂ ಮೋಡ. ಫ್ಯಾನು ಹೆಚ್ಚು ಬೇಕಾದ ಕಾಲದಲ್ಲೇ ಅದಕ್ಕೆ ಊಟ ಕಡಿಮೆ. ಮಧ್ಯಾಹ್ನ ನಿಧಾನಕ್ಕೆ ತಿರುಗೋದು, ಬೆಳಗಿನ ಜಾವ ನಿಂತಿರೋದು.

ಹಾಗಾಗಿ ಬಿಸಿಲನ್ನು ನಂಬದ ಕಿಂಡಿಯೂ ಬೇಕು. ಅದಕ್ಕೆ ಇಲ್ಲಿಯವರ ಹಳೇ ಉಪಾಯ ಡೊರೇಡ್ ಪೆಟ್ಟಿಗೆ. 1930ರಲ್ಲಿ ನೀರಿಗಿಳಿದ ಡೊರೇಡ್ ಅನ್ನೋ ಹಾಯಿದೋಣಿಯ ಹೆಸರೇ ಇದಕ್ಕೆ ಬಂದದ್ದು. ಅದರ ವಿನ್ಯಾಸಕಾರ ಓಲಿನ್ ಸ್ಟೀಫನ್ಸ್‌ಗೆ ಆಗ ಇಪ್ಪತ್ತೆರಡೂ ದಾಟಿರಲಿಲ್ಲ. ಮರುವರ್ಷ ಅದೇ ದೋಣಿ ಅಟ್ಲಾಂಟಿಕ್ ದಾಟೋ ರೇಸ್ ಗೆದ್ದಿತು. ಪೆಟ್ಟಿಗೆಯ ತಂತ್ರ ಸರಳ. ಸೊಂಡಿಲಿನಂಥ ಕೊಳವೆಯಿಂದ ಗಾಳಿ, ನೀರು ಎರಡೂ ಪೆಟ್ಟಿಗೆಗೆ ಬರ್ತವೆ. ನೀರು ತಳಕ್ಕೆ ಬಿದ್ದು ತೂತಿನಿಂದ ಡೆಕ್‌ಗೆ ಹರಿದು ಹೋಗತ್ತೆ. ಗಾಳಿ ಮಾತ್ರ ಪಕ್ಕದಲ್ಲಿ ಎತ್ತರಕ್ಕೆ ನಿಂತ ಇನ್ನೊಂದು ಕೊಳವೆ ಹತ್ತಿ ಕ್ಯಾಬಿನ್‌ಗೆ ಇಳಿಯತ್ತೆ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ. ಸೋಲಾರ್ ವೆಂಟ್‌ನಂತೆ ಇದನ್ನೂ ಒಂದು ಹಾಕಿಸಿದ್ವಿ.

ತೀರಾ ಒದ್ದೆಯ ವಾರಗಳಲ್ಲಿ ಮರೀನಾದ ಕರೆಂಟಿನಿಂದ ಡಿಹ್ಯೂಮಿಡಿಫೈಯರ್ ಹಾಕ್ತೀವಿ. ಆಗ ಮಾತ್ರ ಎಲ್ಲ ಕಿಂಡಿಯೂ ಬಂದ್. ಇಲ್ಲದಿದ್ದರೆ ನಮ್ಮ ಪುಟ್ಟ ಯಂತ್ರ ಇಡೀ ಸಿಯಾಟಲನ್ನು ಒಣಗಿಸೋಕೆ ಹೊರಟಂತಾಗತ್ತೆ.

ಈಗಲ್ ಹಾರ್ಬರಿನ ರಾತ್ರಿ

ಮಾರ್ಚ್‌ನಲ್ಲಿ ಹಾಸಿಗೆ ಎತ್ತಿದರೆ ಬರೀ ಮರ. ಮೇ ಕೊನೆಯ ಶನಿವಾರ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬೇನ್‌ಬ್ರಿಜ್ ದ್ವೀಪದ ಈಗಲ್ ಹಾರ್ಬರ್‌ಗೆ ಹೊರಟ್ವಿ. ಸಿಯಾಟಲ್ ಪೇಟೆಯಿಂದ ಫೆರಿಯಲ್ಲಿ 35 ನಿಮಿಷದ ಜಾಗ, ನಮ್ಮ ಹಾಯಿಗೆ ಎರಡು ಗಂಟೆ. ಸುತ್ತ ಮರ ತುಂಬಿದ ದಡದ ನಡುವೆ ನಿಂತ ನೀರಿನಂಥ ಕೊಲ್ಲಿ. ಹಿಂತಿರುಗಿ ನೋಡಿದರೆ ಸಿಯಾಟಲ್‌ನ ಗಗನಚುಂಬಿಗಳು ಸಂಜೆ ಬಿಸಿಲಲ್ಲಿ.

ಅಪ್ಪ ಅಡಿಕೆ ಬೆಳೆಗಾರರು. ಕ್ಯಾಬಿನ್‌ಗೆ ಇಳಿದವರೇ ಒಲೆ, ಹಾಸಿಗೆ ಬಿಟ್ಟು ಮೊದಲು ನೋಡಿದ್ದು ತಲೆ ಮೇಲಿನ ಫ್ಯಾನನ್ನು. "ಇದು ಗಾಳಿ ಎಳೀತದೆ ಸರಿ. ಬರೋಕೆ ಎಲ್ಲಿ ಜಾಗ ಬಿಟ್ಟಿದೀಯ?" ಜಾಲಿ ತೋರಿಸಿದೆ. ಬೇಯಿಸಿದ ಅಡಿಕೆಯನ್ನು ಮಳೆಯ ದಿನ ಬೆಂಕಿ ಹಾಕಿ ಒಣಗಿಸಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳೋ ಅಗತ್ಯ ಇರಲಿಲ್ಲ. "ಹಂಗಾದ್ರೆ ಅಡ್ಡಿಲ್ಲ" ಅಂದು ಹಾಸಿಗೆ ಮೇಲೆ ಕಾಲು ಚಾಚಿದರು.

ಅಮ್ಮ ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇಟ್ಟಿದ್ದಳು. ನಾನು ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ಲಂಗರಿನ ಚಿಂತೆ ಅರ್ಧ, ಅಪ್ಪನ ಉಸಿರಿನ ಚಿಂತೆ ಅರ್ಧ. ಎರಡು ಗಂಟೆಗೆ ಕಿವಿಗೊಟ್ಟು ಕೇಳಿದರೆ ಮುಂದಿನಿಂದ ಫ್ಯಾನಿನ ಸಣ್ಣ ಸದ್ದು, ಅದನ್ನೂ ಮೀರಿಸೋ ಅಪ್ಪನ ಗೊರಕೆ. ಗೊರಕೆ ಕೇಳಿ ಅಷ್ಟು ಸಮಾಧಾನ ಆದದ್ದು ಅದೇ ಮೊದಲು. ಬೆಳಿಗ್ಗೆ ಇನ್‌ಹೇಲರ್ ಇಟ್ಟ ಜಾಗದಲ್ಲೇ ಇತ್ತು.

ಅಪ್ಪ ಊರಿಗೆ ಹೋದ ಮೇಲೆ ಇನ್ನೊಂದು ಕೆಲಸ ಮಾಡಿದರು. ಕೆಲವು ವರ್ಷಗಳ ಹಿಂದೆ ದೂಳು, ಎರಚಲು ಬರತ್ತೆ ಅಂತ ನಮ್ಮ ಹೆಂಚಿನ ಮಾಡಿನ ಕೆಳಗೆ ಪೂರ್ತಿ ಪ್ಲಾಸ್ಟಿಕ್ ಶೀಟ್ ಹೊಡೆಸಿದ್ದರು. ಅಲ್ಲಿಂದಾಚೆ ಅಟ್ಟದ ಬೂಷ್ಟು ಜಾಸ್ತಿಯಾಗಿತ್ತು, ಉಬ್ಬಸವೂ. ಈ ಸಲ ಬಚ್ಚಲೊಲೆಯ ಮೇಲ್ಭಾಗದ ಶೀಟ್ ಬಿಚ್ಚಿಸಿ, ಮಾಡಿನ ತುದಿಯಲ್ಲಿ ಗಾಳಿ ಹೋಗೋಕೆ ಜಾಗ, ಗೋಡೆಯ ಬುಡದಲ್ಲಿ ಬರೋಕೊಂದು ಕಿಂಡಿ ಮಾಡಿಸಿದ್ದಾರೆ. ವಾಟ್ಸ್ಯಾಪ್‌ನಲ್ಲಿ ಫೋಟೋ ಬಂತು. ಕೆಳಗೆ ಒಂದೇ ಸಾಲು: "ಫ್ಯಾನ್ ಬೇಡ, ಒಲೆ ಸಾಕು."

ಬೆಂಗಳೂರಿನ ಪಿಜಿ ರೂಮಿನಲ್ಲಿ, ಒಂದೇ ಕಿಟಕಿಯ ಬಾಡಿಗೆ ಮನೆಯಲ್ಲಿ ಇದನ್ನು ಓದ್ತಾ ಇರೋರು ಇವತ್ತು ರಾತ್ರಿ ಒಂದು ಊದುಬತ್ತಿ ಹಚ್ಚಿ ನೋಡಿ. ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಹೊಗೆ ಯಾವ ಕಡೆ ಹೋಗತ್ತೆ ಅಂತ ಗಮನಿಸಿ. ಅಲ್ಲಾಡದೆ ನಿಂತರೆ ಇನ್ನೊಂದು ಫ್ಯಾನ್ ತರೋ ಮೊದಲು ಎದುರಿನ ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದು ಇದೆಯಾ ನೋಡಿಕೊಳ್ಳಿ.