ಕಿಟಕಿ ಪಕ್ಕದ ದಿವಾನಕ್ಕೆ ಯಾವ ಟಿವಿ?

ಆಫೀಸಿನಲ್ಲಿ ನನಗೊಂದು ಸಂಬಳವಿಲ್ಲದ ಹುದ್ದೆ ಇದೆ. ಯಾರಾದರೂ ಟಿವಿ ಕೊಳ್ಳೋದಾದ್ರೆ ಮೊದಲು ನನ್ನ ಡೆಸ್ಕ್ ಹತ್ತಿರ ಬರ್ತಾರೆ. "ಒಎಲ್‌ಇಡಿ ತಗೊಳ್ಳಾ, ಮಿನಿ ಎಲ್‌ಇಡಿ ತಗೊಳ್ಳಾ? ಒಂದೇ ಮಾತಲ್ಲಿ ಹೇಳು." 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲಂತೂ ಈ ವಿಚಾರಣೆ ಜಾಸ್ತಿಯಾಗಿದೆ. ಉತ್ತರ ಕೊಡುವ ಮೊದಲು ನಾನು ಎರಡು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೇಲಿ ಟಿವಿ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರೋರು ಯಾರು? ಅವರು ಕೂರೋದು ಎಲ್ಲಿ?

ಸುಮ್ಮನೆ ಕೇಳೋ ಪ್ರಶ್ನೆಗಳಲ್ಲ ಇವು. ಟಿವಿ ವಿಮರ್ಶೆಗಳನ್ನು ನೋಡಿ. ಕತ್ತಲೆ ಕೋಣೆ, ನಟ್ಟನಡುವೆ ಒಂದು ಸೋಫಾ, ಅದರಲ್ಲಿ ಒಬ್ಬರೇ ಕೂತು ಹಾಲಿವುಡ್ ಸಿನಿಮಾ ನೋಡುವವರಿಗೆ ಅಂತಲೇ ಬರೆದ ಹಾಗಿರುತ್ತವೆ. ನಮ್ಮ ಮನೆಗಳು ಹಾಗಿಲ್ಲ. ನಾವಿರುವುದು ಬೆನ್ಸನ್ ಟೌನ್‌ನಲ್ಲಿ, ಹಳೇ ಬಂಗಲೆಯೊಂದು ಹೋಗಿ ಅದರ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಹಾಲ್‌ಗೆ ಪಶ್ಚಿಮದ ದೊಡ್ಡ ಕಿಟಕಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಒಳಗೆ. ಕಿಟಕಿ ಪಕ್ಕದ ದಿವಾನ ಅಮ್ಮನ ಜಾಗ. ಅಲ್ಲಿಂದ ಟಿವಿ ಸುಮಾರು ಐವತ್ತು ಡಿಗ್ರಿ ಓರೆಗೆ ಕಾಣುತ್ತದೆ.

ಅಪ್ಪ ಹೋದ ಮೇಲೆ, ನಾನು ಆಫೀಸಿನಲ್ಲಿರುವ ಹತ್ತು ಗಂಟೆ ಆ ಮನೆಯಲ್ಲಿ ಇನ್ನೊಂದು ದನಿ ಅಂದ್ರೆ ಟಿವಿಯದ್ದೇ. ಬೆಳಿಗ್ಗೆ ನ್ಯೂಸ್, ಮಧ್ಯಾಹ್ನ ಹಳೇ ಸಿನಿಮಾ, ಸಂಜೆ ಸೀರಿಯಲ್. ನನ್ನ ಪಾಲಿಗೆ ರಾತ್ರಿ ಹತ್ತರ ಮೇಲೆ ಒಂದೂವರೆ ಗಂಟೆ ಪ್ಲೇಸ್ಟೇಷನ್ 5. ದುಡ್ಡು ನನ್ನದು, ನೋಡುವ ಹೊತ್ತು ಅಮ್ಮನದು. ಹೊಸ ಟಿವಿ ಯಾರಿಗಾಗಿ ಅನ್ನೋದು ಇಲ್ಲೇ ಶುರುವಾಗೋ ಜಗಳ.

ಹೆಸರುಗಳ ಗದ್ದಲ ಬದಿಗಿಟ್ಟರೆ ಅಂಗಡಿಯಲ್ಲಿರೋದು ಎರಡೇ ಜಾತಿ. ಒಂದು ಎಲ್‌ಸಿಡಿ. ಹಿಂದೆ ದೀಪ, ಮುಂದೆ ದ್ರವ ಸ್ಫಟಿಕದ ಪುಟ್ಟ ಪುಟ್ಟ ಬಾಗಿಲುಗಳು. ಬಾಗಿಲು ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತದೆ, ಅದಕ್ಕೇ ಕಪ್ಪು ಬೂದಿಯಾಗುತ್ತದೆ. "ಎಲ್‌ಇಡಿ", "ಕ್ಯೂಎಲ್‌ಇಡಿ", "ಮಿನಿ ಎಲ್‌ಇಡಿ" ಎಲ್ಲವೂ ಈ ಜಾತಿಯವೇ. ಕ್ಯೂಎಲ್‌ಇಡಿಯಲ್ಲಿ ಬಣ್ಣ ಶುದ್ಧವಾಗಲು ಕ್ವಾಂಟಮ್ ಡಾಟ್ ಪದರ ಸೇರಿಸಿರುತ್ತಾರೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪವನ್ನು ಸಣ್ಣ ಸಣ್ಣ ದೀಪಗಳಾಗಿ ಒಡೆದು, ಬೇಕಾದ ಕಡೆ ಉರಿಸಿ ಬೇಡದ ಕಡೆ ತಗ್ಗಿಸುತ್ತಾರೆ. ಇನ್ನೊಂದು ಜಾತಿ ಒಎಲ್‌ಇಡಿ. ಇದರಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ದೀಪ. ಕಪ್ಪು ಬೇಕಾದಾಗ ಪೂರ್ತಿ ಆರುತ್ತದೆ.

ರಾತ್ರಿ ಗೇಮ್ ಆಡೋರಿಗೆ ಒಎಲ್‌ಇಡಿಗೆ ಸಾಟಿ ಇಲ್ಲ. ಅದರ ಪಿಕ್ಸೆಲ್ ಬಣ್ಣ ಬದಲಿಸಲು ಬೇಕಾದದ್ದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಎಲ್‌ಸಿಡಿಯಲ್ಲಿ ಹಲವು ಮಿಲಿಸೆಕೆಂಡ್ ಹಿಡಿಯುತ್ತದೆ, ಅದರಲ್ಲೂ ವಿಎ ಪ್ಯಾನೆಲ್ಲಿನ ಕಡುಗತ್ತಲ ದೃಶ್ಯಗಳಲ್ಲಿ ಓಡುವ ಆಕೃತಿಯ ಹಿಂದೆ ಒಂದು ಮಸಿಯ ಬಾಲ ಕಾಣಿಸುತ್ತದೆ. 60 ಹರ್ಟ್ಸ್‌ನಲ್ಲಿ ಒಂದು ಚೌಕಟ್ಟಿಗೆ ಸಿಗುವುದು 16.7 ಮಿಲಿಸೆಕೆಂಡ್, 120ರಲ್ಲಿ 8.3. ಹಾಗಾಗಿ ಈ ತಡ ಲೆಕ್ಕಕ್ಕೆ ಬರುತ್ತದೆ. ಯಾವ ಜಾತಿಯದ್ದೇ ತಗೊಳ್ಳಿ, ಪ್ಯಾನೆಲ್ ನಿಜಕ್ಕೂ 120 ಹರ್ಟ್ಸ್ ಹೌದಾ ನೋಡಿ. ಡಬ್ಬದ ಮೇಲಿನ "ಮೋಷನ್ ರೇಟ್" ಬೇರೆಯೇ ಲೆಕ್ಕ. ವಿಆರ್‌ಆರ್ ಇದೆಯಾ ಕೇಳಿ. ಎಚ್‌ಡಿಎಂಐ 2.1 ಪೋರ್ಟ್ ಎಷ್ಟು ಅಂತ ಎಣಿಸಿ. ಎಷ್ಟೋ ಟಿವಿಗಳಲ್ಲಿ ಎರಡೇ ಇರುತ್ತವೆ, ಅದರಲ್ಲೊಂದನ್ನು ಸೌಂಡ್‌ಬಾರ್ ನುಂಗಿಬಿಡುತ್ತದೆ.

ಈಗ ಹಗಲಿಗೆ ಬರೋಣ. ಒಎಲ್‌ಇಡಿಯಲ್ಲಿರುವುದು ಸಾವಯವ ಪದಾರ್ಥ. ಉರಿದಷ್ಟೂ ಸವೆಯುತ್ತದೆ. ಪರದೆಯ ಒಂದೇ ಜಾಗದಲ್ಲಿ ದಿನವೂ ಅದೇ ಪ್ರಕಾಶಮಾನವಾದ ಚಿತ್ರ ನಿಂತರೆ ಆ ಭಾಗ ಬೇಗ ಸವೆದು ಕಲೆ ಉಳಿಯುತ್ತದೆ. ಇದೇ ಬರ್ನ್-ಇನ್. ನಮ್ಮ ಕನ್ನಡ ನ್ಯೂಸ್ ಚಾನೆಲ್‌ಗಳನ್ನು ನೆನೆಸಿಕೊಳ್ಳಿ: ಮೂಲೆಯಲ್ಲಿ ಲೋಗೋ, ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಹಳದಿ ಪಟ್ಟಿ, ಪಕ್ಕದಲ್ಲಿ "ಬ್ರೇಕಿಂಗ್". ಚಿತ್ರವನ್ನು ತುಸು ಸರಿಸುವುದು, ಲೋಗೋ ಮಂದ ಮಾಡುವುದು ಅಂತ ಟಿವಿಗಳು ತಮ್ಮ ಕಾಳಜಿ ತಾವೇ ಮಾಡಿಕೊಳ್ಳುತ್ತವೆ. ಬಗೆಬಗೆಯದ್ದು ನೋಡುವವರು ಹೆದರಬೇಕಿಲ್ಲ. ಆದರೆ ದಿನಕ್ಕೆ ಐದಾರು ಗಂಟೆ ಒಂದೇ ಚಾನೆಲ್ ಓಡುವ ಮನೆಯವರು ವಾರಂಟಿ ಕಾಗದದಲ್ಲಿ ಬರ್ನ್-ಇನ್ ಬಗ್ಗೆ ಏನಿದೆ ಅಂತ ಓದಿ ಆಮೇಲೆ ಕಾರ್ಡ್ ತೆಗೆಯಿರಿ.

ಹಾಗಾದ್ರೆ ಮಿನಿ ಎಲ್‌ಇಡಿ ತಗೊಂಡ್ರೆ ಮುಗೀತಲ್ಲ? ಬಿಸಿಲನ್ನು ಎದುರಿಸುವ ಪ್ರಕಾಶ ಅದಕ್ಕಿದೆ, ಕಲೆಯ ಭಯವಿಲ್ಲ. ತೊಂದರೆ ಇರೋದು ಓರೆಯಲ್ಲಿ. ವಿಎ ಪ್ಯಾನೆಲ್‌ಗೆ ಎದುರಿನಿಂದ ನೋಡಿದರೆ 3,000:1ಕ್ಕೂ ಮೇಲಿನ ಕಾಂಟ್ರಾಸ್ಟ್ ಇರುತ್ತದೆ, ಪಕ್ಕಕ್ಕೆ ಸರಿದರೆ ಬಣ್ಣ ತೊಳೆದ ಹಾಗೆ ಪೇಲವ. ಐಪಿಎಸ್ ಪ್ಯಾನೆಲ್ ಓರೆಯಿಂದಲೂ ಚೆನ್ನ, ಆದರೆ ಅದರ ಕಾಂಟ್ರಾಸ್ಟ್ 1,000:1ರ ಆಸುಪಾಸು.

ಈ ಓರೆನೋಟದ ಕಥೆಯ ಒಂದು ಎಳೆ ನಮ್ಮ ಮನೆಗೆ ಹತ್ತಿರದಲ್ಲೇ ಇದೆ. ಜಯಮಹಲ್ ರಸ್ತೆ ಹಿಡಿದು ಮೇಖ್ರಿ ಸರ್ಕಲ್ ಕಡೆ ಹೋದರೆ ರಾಮನ್ ಸಂಶೋಧನಾ ಸಂಸ್ಥೆ ಸಿಗುತ್ತದೆ. ದ್ರವ ಸ್ಫಟಿಕದ ಅಣುಗಳೆಂದರೆ ಕಡ್ಡಿಯಂತೆ ಉದ್ದಕ್ಕಿರಬೇಕು ಅಂತ ಜಗತ್ತು ನಂಬಿದ್ದಾಗ, 1977ರಲ್ಲಿ ಅಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಅಂತ ತೋರಿಸಿದರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಅಂಥ ಬಿಲ್ಲೆ ಅಣುಗಳನ್ನೇ ಹಾಸಿ, ಎಲ್‌ಸಿಡಿ ಪರದೆಯನ್ನು ಪಕ್ಕದಿಂದಲೂ ನೋಡಬಹುದಾದ ಫಿಲ್ಮ್ ಮಾಡಿತು. ಬದಿಯಲ್ಲಿ ಕೂತವರ ಕಷ್ಟಕ್ಕೆ ಒಂದು ಪರಿಹಾರದ ಬೇರು ನಮ್ಮ ಊರಿನಲ್ಲೇ ಇದೆ ಅಂತ ತಿಳಿದಾಗ ನನಗಂತೂ ಖುಷಿಯಾಯ್ತು.

ಒಂದು ಭಾನುವಾರ ಮಧ್ಯಾಹ್ನ ಅಮ್ಮನ ದಿವಾನದಲ್ಲಿ ಕೂತು ನಮ್ಮ ಹಳೇ ಟಿವಿ ನೋಡಿದೆ. ಅರ್ಧ ಪರದೆಯಲ್ಲಿ ಕಿಟಕಿಯ ಪ್ರತಿಬಿಂಬ, ಉಳಿದರ್ಧ ಮಂಜು. ಅಮ್ಮ ವಾಲ್ಯೂಮ್ ಜೋರಾಗಿಡುವುದು ಯಾಕೆ ಅಂತ ಆಗ ಅರ್ಥವಾಯಿತು. ಅವಳು ಟಿವಿ ನೋಡ್ತಿರಲಿಲ್ಲ, ಕೇಳ್ತಿದ್ದಳು.

"ದಿವಾನ ಈ ಕಡೆ ಹಾಕೋಣ್ವಾ?" ಅಂದೆ.

"ಬೇಡ. ಸೊಪ್ಪಿನವನು ಕೂಗಿದ್ರೆ ಇಲ್ಲಿಂದಲೇ ಕಾಣ್ಬೇಕು ನಂಗೆ. ಅದೇನೋ ಕಪ್ಪು ಕಪ್ಪು ಅಂತೀಯಲ್ಲ, ನಂಗೆ ಕೆಳಗಡೆ ಓಡೋ ಅಕ್ಷರ ಕಂಡ್ರೆ ಸಾಕು."

ಆ ಕಿಟಕಿಯನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಅಂಗಡಿಯಲ್ಲಿ ಎಲ್ಲ ಟಿವಿಯಲ್ಲೂ ಹೂವು, ಮೀನು, ಜೇನುತುಪ್ಪ. "ಗೇಮ್ ಯಾರು ಆಡ್ತಾರೆ ಮೇಡಂ, ತಮ್ಮನಾ?" ಅಂದ ಹುಡುಗ. "ನಾನೇ. ನೀವು ಒಂದು ನ್ಯೂಸ್ ಚಾನೆಲ್ ಹಾಕಿ, ವಿವಿಡ್ ಮೋಡ್ ತೆಗೀರಿ" ಅಂದೆ. ಪ್ರತಿ ಟಿವಿಯ ಪಕ್ಕಕ್ಕೂ ಸರಿದು ನಿಂತು ಓಡುವ ಅಕ್ಷರ ಓದಿದೆ. ಹುಡುಗನಿಗೆ ವಿಚಿತ್ರ ಅನ್ನಿಸಿರಬೇಕು. ಕೊನೆಗೆ ತಂದದ್ದು ಓರೆನೋಟಕ್ಕೆ ಅಂತ ಹೆಚ್ಚುವರಿ ಪದರವಿರುವ 55 ಇಂಚಿನ ಮಿನಿ ಎಲ್‌ಇಡಿ. ಆ ಪದರದಿಂದ ಕಾಂಟ್ರಾಸ್ಟ್ ಒಂದಿಷ್ಟು ಕಳೆಯುತ್ತದೆ. ರಾತ್ರಿ ಆಟದಲ್ಲಿ ನಕ್ಷತ್ರದ ಸುತ್ತ ತೆಳುವಾದ ಬೆಳಕಿನ ಉಂಗುರ ಕಾಣುತ್ತದೆ. ಗೆಳತಿಯ ಮನೆಯ ಒಎಲ್‌ಇಡಿಯಲ್ಲಿ ಅದೇ ಆಟ ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲ್ಲ.

ಆದರೆ ವಾಲ್ಯೂಮ್ ಮೂವತ್ತೆರಡರಿಂದ ಹದಿನೆಂಟಕ್ಕೆ ಇಳಿದಿದೆ. ಸಂಜೆ ನಾನು ಬಂದಾಗ ಅಮ್ಮ ಸೀರಿಯಲ್ಲಿನ ಸೀರೆ ಬಣ್ಣದ ಬಗ್ಗೆ ತಕರಾರು ಹೇಳ್ತಾಳೆ. ಮೊದಲು ಬರೀ ಮಾತಿನ ಬಗ್ಗೆ ಹೇಳ್ತಿದ್ದಳು.

ಒಬ್ಬರೇ ಇರ್ತೀರಾ, ರಾತ್ರಿಯೇ ನೋಡೋದು, ಪರದೆ ಎಳೆದರೆ ಕೋಣೆ ಕತ್ತಲಾಗುತ್ತದಾ? ಕಣ್ಣು ಮುಚ್ಚಿಕೊಂಡು ಒಎಲ್‌ಇಡಿ ತಗೊಳ್ಳಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮಾತ್ರ, ಅಡ್ವಾನ್ಸ್ ಕೊಡುವ ಮೊದಲು ಒಂದು ಮಧ್ಯಾಹ್ನ ಅವರ ಜಾಗದಲ್ಲಿ ಅರ್ಧ ಗಂಟೆ ಕೂತು ನೋಡಿ.