ಸಮ ಇಲ್ಲದ ಕಾಲು ಭಾಗ



ಮೊನ್ನೆ ಆಫೀಸಿಂದ ಬಂದಾಗ ನಾಲ್ಕನೇ ಕ್ಲಾಸಿನ ಮಗಳು ಕ್ರೆಯಾನ್ಸ್ ಹರಡಿಕೊಂಡು ಕೂತಿದ್ದಳು. ದೀಪಾವಳಿ ಹೋಂವರ್ಕ್. ಹಾಳೆ ಮೇಲೆ ಎಂಟು ಹಣತೆ, ಅದರಲ್ಲಿ 3/8 ಭಾಗಕ್ಕೆ ಹಳದಿ ಹಚ್ಚಬೇಕು. ಕೆಳಗೆ ದುಂಡನೆಯ ಹೋಳಿಗೆ, ನಾಲ್ಕು ಭಾಗ ಮಾಡಿ 1/4ಕ್ಕೆ ಬಣ್ಣ ತುಂಬಬೇಕು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಮಗೆಲ್ಲ ಭಿನ್ನರಾಶಿ ಅಂದರೆ ಬೋರ್ಡಿನ ಮೇಲಿನ ಅಂಶ, ಛೇದ ಮತ್ತು ಮೇಷ್ಟ್ರ ಕೋಲು, ಅಷ್ಟೇ.

ಹಣತೆ ಸರಿಯಾಗಿತ್ತು. ಹೋಳಿಗೆಗೆ ಮಾತ್ರ ಸೊಟ್ಟಸೊಟ್ಟ ಗೆರೆ ಎಳೆದು, ಎಲ್ಲಕ್ಕಿಂತ ಚಿಕ್ಕ ಚೂರಿಗೆ ಬಣ್ಣ ಹಚ್ಚಿದ್ದಳು.

"ನಾಲ್ಕು ತುಂಡು ಇದೆಯಲ್ಲಮ್ಮಾ, ಒಂದಕ್ಕೆ ಹಚ್ಚಿದೀನಿ."

"ತುಂಡು ಸಮ ಇರಬೇಕು ಮಗಳೇ. ಸಮ ಇಲ್ಲದಿದ್ರೆ ಅದು ಕಾಲು ಭಾಗ ಅಲ್ಲ, ಬರೀ ಚೂರು."

ಹೇಳಿದವಳು ನಾನೇ ಸುಮ್ಮನಾಗಿಬಿಟ್ಟೆ. ಹಬ್ಬದ ಮಾರನೇ ದಿನ ನನ್ನವ್ವ ದೊಡ್ಡಮನೆ ಹಿತ್ತಿಲಲ್ಲಿ ಪಾತ್ರೆ ಹಿಡಿದು ನಿಲ್ಲೋಳು. ಮುಟ್ಟದ ಹಾಗೆ ಮೇಲಿಂದ ಹಾಕಿದ ಹೋಳಿಗೆ ಚೂರಿಗೆ 'ನಿಮ್ಮ ಪಾಲು' ಅನ್ನೋರು. ಗದ್ದೆ ಕೆಲಸ ನಮ್ಮದು, ತಮಟೆ ನಮ್ಮದು, ಪಾಲು ಮಾತ್ರ ಅವರು ಕುಯ್ದಷ್ಟು. ಚೂರನ್ನೇ ಪಾಲು ಅಂತ ನಂಬಿಸಿದ್ದು ಎಷ್ಟು ತಲೆಮಾರು!

ಮಗಳಿಗೆ ಇದನ್ನೆಲ್ಲ ಆಮೇಲೆ ಹೇಳ್ತೀನಿ. ಆವತ್ತು ಹಾಳೆಯ ಹಿಂಬದಿಗೆ ತಟ್ಟೆ ಇಟ್ಟು ಒಂದು ಚಕ್ರ ಬರೆದೆ. ನಮ್ಮ ಬಾವುಟದ ಅಶೋಕ ಚಕ್ರಕ್ಕೆ 24 ಗೆರೆ, ಗೆರೆಗಳ ನಡುವೆ 24 ಮನೆ, ಎಲ್ಲವೂ ಸಮ. ಅರ್ಧಕ್ಕೆ ನೀಲಿ ಅಂದೆ. 12 ಮನೆ ಎಣಿಸಿದಳು. 1/3ಕ್ಕೆ ಹಸಿರು, 8 ಮನೆ. ಉಳಿದ 4 ಮನೆ ಎಷ್ಟು ಭಾಗ? ಬೆರಳು ಮಡಚಿ ಮಡಚಿ "1/6!" ಅಂತ ಕೂಗಿದಳು. ಚಕ್ರ ಪೂರ್ತಿ ತುಂಬಿತ್ತು, ಯಾವ ಮನೆಯೂ ಖಾಲಿ ಉಳಿದಿರಲಿಲ್ಲ.

"ಅಮ್ಮಾ, ಇದು ಯಾವ ಹಬ್ಬದ್ದು?"

"ನವೆಂಬರ್ 26ರದ್ದು" ಅಂದೆ. 1949ರಲ್ಲಿ ಅದೇ ದಿನ ನಮ್ಮ ಸಂವಿಧಾನ ಅಂಗೀಕಾರ ಆಯ್ತು. ಅದರ ಹಿಂದಿನ ದಿನವೇ ಬಾಬಾಸಾಹೇಬರು ಎಚ್ಚರಿಸಿದ್ದರು: ರಾಜಕೀಯದಲ್ಲಿ ಸಮಾನತೆ ಬರುತ್ತೆ, ಬದುಕಿನಲ್ಲಿ ಅಸಮಾನತೆ ಹಾಗೇ ಉಳಿಯುತ್ತೆ ಅಂತ. ಓಟು ಸಮ ಆಯ್ತು, ಹೋಳಿಗೆ ಇನ್ನೂ ಆಗಿಲ್ಲ.

ಈ ಸಲ ಸಂವಿಧಾನ ದಿನಕ್ಕೆ ಭಾಷಣದ ಜೊತೆ ಇದನ್ನೂ ಮಾಡೋಣ. ಚಕ್ರದ ಹಾಳೆ ಜೆರಾಕ್ಸ್ ಮಾಡಿಸೋ ಖರ್ಚು ನನ್ನದು. ನಿಮ್ಮ ಕೇರಿ ಮಕ್ಕಳನ್ನ ಕೂರಿಸಿ, ಬಣ್ಣ ಕೊಡಿ. ಅವರು ಮೊದಲು ಕೇಳೋದನ್ನ ಕಲೀಲಿ: ತುಂಡು ಸಮ ಇದೆಯಾ?